ಹೊಟ್ಟೆಕಿಚ್ಚಿನಲ್ಲಿ ಆರಿಸಿದ ಸಂಸ್ಥೆ

ನಾನು ಹೊಟ್ಟೆಕಿಚ್ಚಿನ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಓದುತ್ತ ಓದುತ್ತ ನೀವು ನನ್ನನ್ನು ಒಳ್ಳೆಯವಳೆಂದು ತಿಳಿದುಕೊಂಡೀರಿ. ಓರಗಿತ್ತಿಯ ಕೈಯ ಚಿನ್ನದ ಬಿಲ್ವಾರ ಕಂಡರೆ ಉರಿ, ಎದುರು ಮನೆಯವಳ ಫ್ರಿಜ್ಜು ಕಂಡರೆ ಉರಿ. ಇವೆಲ್ಲ ಸಣ್ಣ ಉರಿಗಳು, ಒಂದು ಕಪ್ ಚಹಾ ಕುಡಿದರೆ ಆರುತ್ತಿದ್ದವು. ಆರದೇ ಉಳಿದದ್ದು ಒಂದೇ ಒಂದು. ಅದು ಒಬ್ಬ ಪರದೇಶದ ಹೆಂಗಸಿನ ಮೇಲಿನದು. ಅವಳನ್ನು ನಾನು ನೋಡಿದ್ದು ಒಟ್ಟು ಎರಡು ತಾಸು ಇರಬಹುದು.

ತೊಂಬತ್ತರ ದಶಕದ ನಡುವಿನ ಮಾತು. ನಾವು ವಿಜಾಪುರದ ಕಡೆಯವರು. ನನ್ನ ಗಂಡ ಪುಣೆ ಹತ್ತಿರದ ಪಿಂಪ್ರಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕ್ಲಾರ್ಕು, ಮನೆ ಚಿಂಚವಾಡದಲ್ಲಿ. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಾನು ಹಡಪಸರದ ಹತ್ತಿರ ಒಂದು ಶಿಶುಗೃಹದಲ್ಲಿ ಟೈಪಿಸ್ಟ್ ಆಗಿದ್ದೆ. ಬೆಳಿಗ್ಗೆ ಲೋಕಲ್ ರೈಲು ಹಿಡಿದು ಪುಣೆ ಸ್ಟೇಶನ್ನು, ಅಲ್ಲಿಂದ ಬಸ್ಸು. ಮಕ್ಕಳಿಲ್ಲದವಳು ದಿನವಿಡೀ ಇಪ್ಪತ್ತೆರಡು ಮಕ್ಕಳ ಅಳು ಕೇಳುತ್ತ ಟೈಪು ಹೊಡೆಯುವ ಕೆಲಸ. ದೇವರಿಗೂ ಒಮ್ಮೊಮ್ಮೆ ಚೇಷ್ಟೆ ಮಾಡುವ ಮನಸ್ಸಾಗುತ್ತದೆ ಅಂತ ಕಾಣುತ್ತದೆ.

ನಮ್ಮಲ್ಲಿಯ ಮಕ್ಕಳಲ್ಲಿ ಕೆಲವರು ಇಲ್ಲಿಯವರ ಮನೆಗೇ ದತ್ತು ಹೋಗುತ್ತಿದ್ದರು, ಕೆಲವರು ವಿದೇಶಕ್ಕೆ. ಆದರೆ ನೇರವಾಗಿ ವಿದೇಶಕ್ಕೆ ಕೊಡುವ ಹಾಗಿರಲಿಲ್ಲ. ಮಗುವನ್ನು ಮೊದಲು ನಮ್ಮ ದೇಶದ ದಂಪತಿಗಳಿಗೆ ತೋರಿಸಬೇಕು. ಅವರು ನೋಡಿ, ಬೇಡವೆಂದು ಬರೆದುಕೊಡಬೇಕು. ಅಂಥ ಕಾಗದಗಳು ಫೈಲಿಗೆ ಸೇರಿದ ಮೇಲೆಯೇ ಮಗು ವಿದೇಶಕ್ಕೆ ಬಿಡುಗಡೆ. ಆಮೇಲೆ ಯಾವ ದೇಶದ ಯಾವ ಸಂಸ್ಥೆಯ ಮೂಲಕ ಕೊಡುವುದು ಎಂದು ನಮ್ಮ ಮೇಡಂ ಆರಿಸುತ್ತಿದ್ದರು. ಮೇಡಂ ಅಂದರೆ ಶಿಶುಗೃಹ ನಡೆಸುತ್ತಿದ್ದ ಮರಾಠಿ ಹೆಂಗಸು. ಐವತ್ತು ದಾಟಿದವರು, ಮದುವೆಯಾಗದವರು. ಮಾತು ಕಡಿಮೆ, ಕೆಲಸ ಹೆಚ್ಚು.

ಆಗ ಒಂದೂಕಾಲು ವರ್ಷದ ಒಂದು ಹುಡುಗಿ ಇದ್ದಳು. ಕಪ್ಪು ಬಣ್ಣ, ಬಟ್ಟಲುಗಣ್ಣು, ಹುಟ್ಟಿನಿಂದಲೇ ಬಲಗಾಲಿನ ಪಾದ ಒಳಕ್ಕೆ ತಿರುಗಿತ್ತು. ಎರಡು ಜೋಡಿ ಬಂದು ನೋಡಿ ಹೋಗಿದ್ದರು. ಒಬ್ಬರಿಗೆ ಬಣ್ಣ ಹಿಡಿಸಲಿಲ್ಲ, ಇನ್ನೊಬ್ಬರಿಗೆ ಕಾಲು. ಮೂರನೆಯ ಜೋಡಿ ನಾವು.

ಹೌದು, ನಾವೇ. ನಮ್ಮ ಅರ್ಜಿಯೂ ಅದೇ ಶಿಶುಗೃಹದಲ್ಲಿ ಎಂಟು ತಿಂಗಳಿಂದ ಇತ್ತು. ಮೇಡಂ ನನ್ನನ್ನು ಕರೆದು, "ನಿನಗೆ ದಿನಾ ಕಾಣುವ ಮಗುವೇ. ಆದರೂ ನಿಯಮದ ಪ್ರಕಾರ ಗಂಡನ ಜೊತೆ ಬಂದು ನೋಡು," ಎಂದರು. ಗಂಡ ಅರ್ಧ ದಿನ ರಜೆ ಹಾಕಿ ಬಂದರು. ಅವರು ತೊಡೆಯ ಮೇಲೆ ಕೂರಿಸಿಕೊಂಡ ಕೂಡಲೇ ಹುಡುಗಿ ಅವರ ಕಿಸೆಯ ಪೆನ್ನು ಕಿತ್ತುಕೊಂಡಳು. "ಕಳ್ಳಿ ಆಕಿ ನೋಡು!" ಎಂದು ನಕ್ಕರು. ಅವರ ಮುಖ ನೋಡಿ ನನಗೆ ಗೊತ್ತಾಗಿಹೋಯಿತು, ಈ ಮನುಷ್ಯ ಈಗಲೇ ಎತ್ತಿಕೊಂಡು ಲೋಕಲ್ ಹತ್ತುತ್ತಾರೆ ಎಂದು.

ಬೇಡ ಅಂದವಳು ನಾನು.

ನನ್ನ ಮನಸ್ಸಿನಲ್ಲಿ ಬೇರೆಯೇ ಲೆಕ್ಕಾಚಾರ ನಡೆದಿತ್ತು. ಎಳೆಗೂಸು ಬೇಕಾಗಿತ್ತು ನನಗೆ, ಹತ್ತು ದಿನದ್ದು, ಹೆಚ್ಚೆಂದರೆ ತಿಂಗಳದ್ದು. ಐದನೆಯ ತಿಂಗಳು ಎಂದು ಅತ್ತೆಗೆ ಕಾಗದ ಬರೆಯುವುದು, ಹೊಟ್ಟೆಗೆ ಹಳೆಯ ಸೀರೆ ಸುತ್ತಿ ಓಣಿಯಲ್ಲಿ ನಿಧಾನ ನಡೆಯುವುದು, ಏಳರಲ್ಲಿ ಸೊಲ್ಲಾಪುರದ ಅಕ್ಕನ ಮನೆಗೆ ಹೋಗಿ ಅಲ್ಲೇ ಸೀಮಂತದ ಕುಬಸ ಮುಗಿಯಿತು ಅನ್ನುವುದು, ಹೆರಿಗೆಯಾಯಿತು ಎಂದು ಕೂಸು ಎತ್ತಿಕೊಂಡು ಬರುವುದು. ನಗಬೇಡಿ. ನಮ್ಮಲ್ಲಿಗೆ ಬರುತ್ತಿದ್ದ ಹೆಂಗಸರಲ್ಲಿ ಎಷ್ಟೋ ಜನ ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡೇ ಬರುತ್ತಿದ್ದರು. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟರೆ ಕೂತುಕೊಳ್ಳುತ್ತಿದ್ದರು ಕೂಡ. ನನಗೆ ಅವರೆಲ್ಲರ ಮೇಲೂ ಹೊಟ್ಟೆಕಿಚ್ಚಿತ್ತು, ನಮ್ಮ ಸರದಿ ಯಾವಾಗ ಬರುತ್ತದೋ ಎಂದು. ಇಂಥ ನಾಟಕಕ್ಕೆ ಒಂದೂಕಾಲು ವರ್ಷದ, ಕಾಲು ತಿರುಗಿದ ಹುಡುಗಿ ಎಲ್ಲಿ ಹೊಂದಬೇಕು? "ಹಡೀಲಿಲ್ಲ, ತಂದರೂ ಕುಂಟಿನ್ನ ತಂದಳು," ಎಂದು ಓರಗಿತ್ತಿ ಅನ್ನುವುದು ಕಿವಿಯಲ್ಲಿ ಕೇಳಿಸಿದಂತಾಯಿತು. ಬೇಡವೆಂದು ಬರೆದುಕೊಡುವ ಕಾಗದದ ನಮೂನೆಯನ್ನು ಟೈಪು ಮಾಡಿಟ್ಟವಳೇ ನಾನು. ಒಂದು ಹಾಳೆ ತೆಗೆದು ಖಾಲಿ ಜಾಗ ತುಂಬಿದೆ. ಗಂಡ ಸಹಿ ಮಾಡಿ ಎರಡನೆಯ ಶಿಫ್ಟಿಗೆ ಹೋದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅದೇ ತಿಂಗಳು ಪಾದ ನೆಟ್ಟಗಾಗಲೆಂದು ಆ ಹುಡುಗಿಯ ಕಾಲಿಗೆ ಹಾಕಿದ್ದ ಪ್ಲಾಸ್ಟರು ಬಿಚ್ಚಿದರು. ದಿನಾ ಎಣ್ಣೆ ಹಚ್ಚಿ ಪಾದವನ್ನು ಮೆಲ್ಲಗೆ ಹೊರಕ್ಕೆ ತಿರುಗಿಸಿ ತಿಕ್ಕಬೇಕು ಎಂದು ಡಾಕ್ಟರು ಹೇಳಿಹೋದರು. ಮಕ್ಕಳನ್ನು ನೋಡಿಕೊಳ್ಳುವ ಹೆಂಗಸನ್ನು ನಾವು ಪುಣೆಯ ರೂಢಿಯಂತೆ ಮಾವಶಿ ಅನ್ನುತ್ತಿದ್ದೆವು. ಅವಳು ಮಾತ್ರ ಕಲಬುರಗಿ ಕಡೆಯವಳು. ಕಟ್ಟಡ ಕೆಲಸಕ್ಕೆ ಬಂದು, ಗಂಡ ತೀರಿಕೊಂಡ ಮೇಲೆ ಇಲ್ಲಿ ಸೇರಿದ್ದಳು. "ಅಕ್ಕಾರ, ನನಗ ಇರೋವು ಎರಡೇ ಕೈ. ಇಪ್ಪತ್ತು ಕೂಸು ನೋಡ್ಲೋ, ಈಕಿ ಕಾಲ ತಿಕ್ಕೋತ ಕೂಡ್ಲೋ?" ಎಂದು ನನ್ನ ಮೇಲೆ ಹರಿಹಾಯ್ದಳು. ನನ್ನ ಬಸ್ಸು ಐದಕ್ಕೆ, ಕೆಲಸ ನಾಲ್ಕೂವರೆಗೆ ಮುಗಿಯುತ್ತಿತ್ತು. ದಯೆಯಿಂದಲ್ಲ, ಹೊತ್ತು ಹೋಗಲಿ ಎಂದು ಎಣ್ಣೆಯ ಬಟ್ಟಲು ತೆಗೆದುಕೊಂಡೆ.

ಸುಮ್ಮನೆ ತಿಕ್ಕಿದರೆ ಹುಡುಗಿ ಕಿರುಚುತ್ತಿದ್ದಳು. ಅದಕ್ಕೆ ಒಂದೊಂದು ಬೆರಳಿಗೂ ನನ್ನ ಲೋಕಲಿನ ಒಂದೊಂದು ಸ್ಟೇಶನ್ನು ಇಟ್ಟೆ. ಹೆಬ್ಬೆರಳು ಚಿಂಚವಾಡ, ಪಕ್ಕದ್ದು ಪಿಂಪ್ರಿ, ಆಮೇಲೆ ಕಾಸಾರವಾಡಿ, ದಾಪೋಡಿ, ಕಿರುಬೆರಳು ಖಡಕಿ. ಹಿಮ್ಮಡಿ ಶಿವಾಜಿನಗರ. ಅಲ್ಲಿ ಪಾದ ತಿರುಗಿಸಿ ಹಿಡಿದು, ನೋವಾಗುವ ಹೊತ್ತಿಗೆ "ಪುಣೆ ಬಂತು, ಇಳೀರಿ ಇಳೀರಿ!" ಎಂದು ಕಚಗುಳಿ ಇಟ್ಟರೆ ಅಳು ಬರಬೇಕಾದಲ್ಲಿ ನಗು ಬರುತ್ತಿತ್ತು. ಎರಡು ವಾರದಲ್ಲಿ ಅವಳೇ ನಾಲ್ಕೂವರೆಗೆ ಕುಂಡಿ ತೆವಳುತ್ತ ನನ್ನ ಕೋಣೆಯ ಬಾಗಿಲಿಗೆ ಬಂದು, ಕಾಲು ಮುಂದೆ ಚಾಚಿ ಕೂರತೊಡಗಿದಳು. ಮೊದಲಿಗೆ ಇದೇನಪ್ಪಾ ಗಂಟುಬಿದ್ದಳು ಅನ್ನಿಸಿತು. ಆಮೇಲೆ ನಾಲ್ಕೂಕಾಲಿಗೇ ನಾನು ಗಡಿಯಾರ ನೋಡತೊಡಗಿದೆ.

ಅಷ್ಟರಲ್ಲಿ ಬಿಡುಗಡೆಯ ಕಾಗದ ಬಂತು. ಎರಡು ವಿದೇಶಿ ಜೋಡಿಗಳ ಫೈಲುಗಳು ಮೇಡಂ ಮೇಜಿನ ಮೇಲೆ ಬಂದು ಕೂತವು. ಒಂದು ಇಟಲಿಯ ಸಂಸ್ಥೆ ಕಳಿಸಿದ್ದು, ಇನ್ನೊಂದು ಡೆನ್ಮಾರ್ಕಿನದು. ಮೇಡಂಗೆ ಕೋರ್ಟಿನ ಓಡಾಟ. "ಹಿಂದೆ ಹೋದ ಮಕ್ಕಳ ಬಗ್ಗೆ ಇವರು ಕಳಿಸಿದ ವರದಿಗಳನ್ನೆಲ್ಲ ಫೈಲು ಮಾಡಿದವಳು ನೀನು. ಕೂತು ಓದು. ಯಾವ ಸಂಸ್ಥೆಗೆ ಕೊಡಬೇಕು ಅಂತ ನಿನಗನಿಸುತ್ತದೋ ಹೇಳು," ಎಂದರು. ಅವರು ಸಂಸ್ಥೆಗಳನ್ನು ಅಳೆಯುತ್ತಿದ್ದದ್ದೇ ಹಾಗೆ. ಬರುವ ದಂಪತಿಗಳ ಮನೆ, ತೋಟ ನೋಡುತ್ತಿರಲಿಲ್ಲ. ಹೋದ ಮಕ್ಕಳ ಬಗ್ಗೆ ಏನು ಬರೆಯುತ್ತಾರೆ ಎಂದು ನೋಡುತ್ತಿದ್ದರು.

ನನ್ನನ್ನು ಕೇಳಬಾರದಿತ್ತು. ಆ ಎರಡು ಫೈಲು ಬಿಚ್ಚಿದಾಗ ನನ್ನ ಹೊಟ್ಟೆಗೆ ಬಿದ್ದ ಬೆಂಕಿ ಸಾಮಾನ್ಯದ್ದಲ್ಲ. ಫೋಟೋದಲ್ಲಿ ಇಟಲಿಯವಳು ಒಂದು ತೂಗುಯ್ಯಾಲೆಯ ಮೇಲೆ ಕೂತಿದ್ದಳು, ಮೈತುಂಬ ಹೂವಿನ ಬಟ್ಟೆ. ಡೆನ್ಮಾರ್ಕಿನವಳು ಮೊಣಕಾಲುದ್ದದ ರಬ್ಬರ್ ಬೂಟು ಹಾಕಿ ಒಂದು ಸೈಕಲ್ ಹಿಡಿದು ನಿಂತಿದ್ದಳು. ನಲವತ್ತರ ಹೆಂಗಸು, ಅಂಚೆ ಕಚೇರಿಯಲ್ಲಿ ಕೆಲಸ, ಗಂಡ ಶಾಲೆಯ ಮಾಸ್ತರ. ಇಬ್ಬರಿಗೂ ಹುಡುಗಿಯ ಕಾಲಿನ ಫೋಟೋ ಹೋಗಿತ್ತು. ಇಬ್ಬರೂ ಹೂಂ ಅಂದಿದ್ದರು. ಡೆನ್ಮಾರ್ಕಿನವಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪಾದದ ಅಳತೆ ಕಳಿಸಿದರೆ ಈಗಲೇ ಬೂಟು ಮಾಡಿಸಿಡುತ್ತೇನೆ ಎಂದು ಬರೆದಿದ್ದಳು. ಎಲಾ ಇವಳ! ಇನ್ನೂ ಮಗು ಕೊಟ್ಟೇ ಇಲ್ಲ, ಬೂಟು ಮಾಡಿಸುತ್ತಾಳಂತೆ! ಸಾವಿರಾರು ಮೈಲಿ ದೂರ ಕೂತವಳಿಗೆ ಆ ಕಾಲು ಕಾಲಾಗಿ ಕಂಡಿತ್ತು. ತಿಂಗಳುಗಟ್ಟಲೆ ಪಕ್ಕದ ಕೋಣೆಯಲ್ಲೇ ಕೂತ ನನಗೆ ಓರಗಿತ್ತಿಯ ಬಾಯಿ ಮಾತ್ರ ಕಂಡಿತ್ತು. ಈ ಮಾತು ಆಗಲೇ ಹೊಳೆದಿತ್ತು. ಹೊಳೆದದ್ದರಿಂದ ಉರಿ ಇನ್ನಷ್ಟು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಮೂರು ದಿನ ವರದಿಗಳನ್ನು ಓದಿದೆ. ಇಟಲಿಯ ಸಂಸ್ಥೆಯವರು ಬಣ್ಣದ ಆಲ್ಬಮ್ಮು ಕಳಿಸುತ್ತಿದ್ದರು. ಎಲ್ಲ ಮಗುವೂ ಆನಂದವಾಗಿದೆ, ಎಲ್ಲ ಮಗುವೂ ಮನೆಯ ಬೆಳಕಾಗಿದೆ. ನಾಲ್ಕು ಬೇರೆ ಬೇರೆ ಮಕ್ಕಳಿಗೆ ಅದೇ ನಾಲ್ಕು ಸಾಲು. ಡೆನ್ಮಾರ್ಕಿನವರ ಕಾಗದ ಬೂದು ಬಣ್ಣದ್ದು, ಫೋಟೋಗಳು ಮಬ್ಬು. ಆದರೆ ಅವರು ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದರು. ಮಗು ಹಾಸಿಗೆ ಒದ್ದೆ ಮಾಡುತ್ತದೆ, ಮಗು ತಂದೆಯ ಕೈ ಕಚ್ಚಿತು, ತಾಯಿ ಸೋತುಹೋಗಿ ಅಡುಗೆಮನೆಯಲ್ಲಿ ಅತ್ತಳು.

ನಾನು ಡೆನ್ಮಾರ್ಕಿನ ಸಂಸ್ಥೆಯನ್ನು ಆರಿಸಿದೆ. ಯಾಕೆ ಗೊತ್ತೇ? ನನ್ನ ಹುಡುಗಿ ಅಲ್ಲಿ ಹೋಗಿ ಅತ್ತರೆ ಅವರು ಬರೆಯುತ್ತಾರೆ. ಆ ಬೂಟಿನವಳ ಕೈಯಲ್ಲಿ ಊಟ ಮಾಡದಿದ್ದರೆ ಬರೆಯುತ್ತಾರೆ. ಅದನ್ನು ಓದಬೇಕಾಗಿತ್ತು ನನಗೆ, ಅದೂ ನನ್ನ ಮೇಜಿನ ಮೇಲೆ, ಚಹಾ ಕುಡಿಯುತ್ತ. ಮೇಡಂ ನನ್ನ ಟಿಪ್ಪಣಿ ಓದಿ, "ಸರಿಯಾಗಿ ಆರಿಸಿದ್ದೀಯ. ಸುಳ್ಳು ಹೇಳದವರ ಕೈಗೇ ಮಗು ಕೊಡಬೇಕು," ಎಂದು ಬೆನ್ನು ತಟ್ಟಿದರು. ನಾಚಿಕೆಯಾಗಬೇಕಿತ್ತು, ಖುಷಿಯಾಯಿತು.

ಬೂಟಿನ ಅಳತೆಗೆ ಪಾದದ ಗುರುತು ತೆಗೆಯುವ ಕೆಲಸವೂ ನನ್ನ ಪಾಲಿಗೇ ಬಂತು. ಹಾಳೆಯ ಮೇಲೆ ಕಾಲಿಟ್ಟು ಪೆನ್ಸಿಲು ಸುತ್ತಿಸುತ್ತಿದ್ದರೆ ಹುಡುಗಿಗೆ ಕಚಗುಳಿ. ಗೆರೆ ಮುಗಿದ ಮೇಲೂ ನಾನು ಪಾದ ಬಿಡದೆ ಹಿಡಿದಿದ್ದನ್ನು ಮಾವಶಿ ನೋಡಿದಳು.

"ಬ್ಯಾಡಂತ ಬರ್ದುಕೊಟ್ಟೋರು ನೀವೇ ಅಲ್ಲೇನ್ರೀ ಅಕ್ಕಾರ? ಈಗ್ಯಾಕ ಕಣ್ಣಾಗ ನೀರು ತರ್ಲತ್ತೀರಿ?"

"ನೀ ಸುಮ್ಮನ ನಿನ್ನ ಕೆಲಸ ನೋಡು," ಎಂದು ರೇಗಿದೆ.

ಹುಡುಗಿ ಡೆನ್ಮಾರ್ಕಿನ ಬೂಟಿನವಳ ಮನೆಗೆ ಹೋಗುತ್ತಾಳೆ ಎಂದು ಅಂದು ಸಂಜೆ ಗಂಡನಿಗೆ ಹೇಳಿದೆ. ಅವರು ಶೇಂಗಾ ಸುಲಿಯುತ್ತ ಕೂತಿದ್ದರು. ತಟ್ಟೆ ಬದಿಗಿಟ್ಟು ಎದ್ದೇಬಿಟ್ಟರು.

"ಇನ್ನೂ ಕೋರ್ಟಿಗೆ ಹೋಗಿಲ್ಲಂದ್ರ ನಾಳೆ ಮೇಡಂಗ ಹೇಳೂಣು. ನಮ್ಮ ದೇಶದವ್ರಿಗೇ ಮೊದಲ ಅಂತೀಯಲ್ಲ. ನಾ ರಜಾ ಹಾಕ್ತೀನಿ."

"ನಿಮ್ಮ ಅವ್ವಗ ಏನಂತ ಹೇಳೂದ್ರೀ?"

"ಕೂಸು ತಂದೀವಿ ಅಂತ ಹೇಳೂದು. ಮತ್ತೇನ?"

"ಅಷ್ಟ ದೊಡ್ಡ ಕೂಸು... ಆ ಕಾಲು..."

ಅವರು ಮತ್ತೆ ಕೂತು ಶೇಂಗಾ ಸುಲಿದರು. "ನಿನಗ ಕೂಸು ಬೇಕಾಗಿಲ್ಲ. ಆ ಬೂಟಿನಾಕಿಗೆ ಸಿಗಬಾರದು, ಅಷ್ಟ," ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಪಾತ್ರೆಗಳನ್ನು ಓಣಿಗೆಲ್ಲ ಕೇಳುವ ಹಾಗೆ ತೊಳೆದೆ. ಆದರೆ ಮರುದಿನ ಮೇಡಂ ಕೋಣೆಗೆ ಹೋಗಲಿಲ್ಲ. ಹೋಗುವುದಕ್ಕೆ ಇನ್ನೂ ಐದು ತಿಂಗಳು ಸಮಯವಿತ್ತು, ಕೋರ್ಟಿನ ಆದೇಶ ಬರುವ ತನಕ. ಒಂದು ದಿನವೂ ಹೋಗಲಿಲ್ಲ. ನಾಲ್ಕೂವರೆಗೆ ಎಣ್ಣೆ ಬಟ್ಟಲು ಮಾತ್ರ ತಪ್ಪಿಸಲಿಲ್ಲ.

ಫೆಬ್ರುವರಿಯಲ್ಲಿ ಡೆನ್ಮಾರ್ಕಿನ ದಂಪತಿ ಬಂದರು. ನಮ್ಮಲ್ಲಿ ಒಂದು ಪದ್ಧತಿ ಇತ್ತು. ಮಗುವನ್ನು ಕರೆದೊಯ್ಯುವ ತಾಯಿಯ ಮಡಿಲಿಗೆ ಅಕ್ಕಿ, ಕಾಯಿ ಹಾಕಿ ಉಡಿ ತುಂಬಿ, ಆ ತುಂಬಿದ ಉಡಿಯಲ್ಲೇ ಮಗುವನ್ನು ಕೂರಿಸಿ ಕೊಡುವುದು. ಹಡೆದವಳಲ್ಲದಿದ್ದರೂ ಉಡಿಯಿಂದಲೇ ಮಗು ಬಂತು ಅನ್ನಿಸಬೇಕು ಎಂದು ಮೇಡಂ ಶುರುಮಾಡಿದ್ದು. ಉಡಿ ತುಂಬಲು ಮುತ್ತೈದೆ ಬೇಕು. ಪ್ರತಿ ಸಲ ಬರುತ್ತಿದ್ದ ಪಕ್ಕದ ಮನೆಯ ಹೆಂಗಸು ಊರಿಗೆ ಹೋಗಿದ್ದಳು. ಮೇಡಂ ಮದುವೆಯಾಗದವರು, ಮಾವಶಿ ಗಂಡ ಸತ್ತವಳು. ಉಳಿದವಳು ನಾನು. ನನ್ನ ಉಡಿಗೆ ಒಂಬತ್ತು ವರ್ಷದಿಂದ ಊರಿನ ಹೆಂಗಸರೆಲ್ಲ ಅಕ್ಕಿ, ತೆಂಗಿನಕಾಯಿ ಹಾಕಿ ಹಾಕಿ ಸೋತಿದ್ದರು. ಈಗ ನಾನು ಇನ್ನೊಬ್ಬಳಿಗೆ ಹಾಕಬೇಕು!

ಅವಳು ಪ್ಯಾಂಟು ತೊಟ್ಟಿದ್ದಳು. ಉಡಿ ಎಲ್ಲಿಂದ ಬರಬೇಕು? ಮಾವಶಿ ತನ್ನ ಒಂದು ಸೀರೆ ತಂದು ಅವಳ ಸೊಂಟಕ್ಕೆ ಸುತ್ತಿ ಸೆರಗು ಹಿಡಿಸಿದಳು. ಇವಳಿಗೆ ಹಿಡಿಯಲು ಬರುವುದಿಲ್ಲ, ಅಕ್ಕಿ ಎಲ್ಲ ಚೆಲ್ಲುತ್ತಾಳೆ, ಎಲ್ಲರೂ ನಗಲಿ ಎಂದು ನಾನು ಕಾದೆ. ಅವಳು ಎರಡೂ ಕೈಯಲ್ಲಿ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು, ಒಂದು ಕಾಳೂ ಬೀಳಲಿಲ್ಲ. ಐದು ಬೊಗಸೆ ಅಕ್ಕಿ, ಕಾಯಿ, ಅರಿಶಿನ ಕೊಂಬು, ಕುಪ್ಪಸದ ಖಣ ಎಲ್ಲ ಹಾಕಿ ಮುಗಿಸುವಾಗ ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ನನ್ನ ಕಣ್ಣು ಒಣಗಿ ಉರಿಯುತ್ತಿತ್ತು. ಮಗುವನ್ನು ಎತ್ತಿ ಆ ಉಡಿಯಲ್ಲಿ ಇಟ್ಟೆ. ಅವಳ ಚೀಲದಿಂದ ಹೊಸ ಬೂಟುಗಳು ಹೊರಬಂದವು, ಕೆಂಪು ಬಣ್ಣದವು, ಅಳತೆಗೆ ಸರಿಯಾಗಿ ಕೂತವು. ಹುಡುಗಿ ಬೂಟು ನೋಡುವುದರಲ್ಲೇ ಮುಳುಗಿದ್ದಳು. ರಿಕ್ಷಾ ಹೊರಟಾಗ ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ. ಹಾಳಾಗಿ ಹೋಗು ಎಂದೆ ಮನಸ್ಸಿನಲ್ಲಿ. ಯಾರಿಗೆ ಅಂದೆನೋ ನನಗೇ ಗೊತ್ತಿಲ್ಲ.

ಮೂರು ತಿಂಗಳಿಗೆ ಮೊದಲ ವರದಿ ಬಂತು. ಚಹಾ ತರಿಸಿಕೊಂಡು ಲಕೋಟೆ ಒಡೆದೆ. ನಾನು ಬಯಸಿದ್ದೆಲ್ಲ ಅದರಲ್ಲಿತ್ತು. ಮಗು ಮೊದಲ ವಾರಗಳಲ್ಲಿ ಸರಿಯಾಗಿ ಉಣ್ಣಲಿಲ್ಲ. ತಾಯಿ ಎತ್ತಿಕೊಂಡರೆ ಬೆನ್ನು ಬಿಲ್ಲು ಮಾಡಿ ಅಳುತ್ತಿತ್ತು. ಓದುತ್ತ ನನಗೆ ಒಳಗೊಳಗೇ ಹಾಯೆನಿಸಿತು, ಸುಳ್ಳು ಯಾಕೆ ಹೇಳಲಿ. ಕೆಳಗೆ ಇನ್ನೊಂದು ಪರಿಚ್ಛೇದವಿತ್ತು. ಪ್ರತಿದಿನ ಸಂಜೆ ಮಗು ತಾನಾಗಿ ಹೊರಬಾಗಿಲ ಬಳಿ ಹೋಗಿ, ಬಲಗಾಲಿನ ಬೂಟು ಕಿತ್ತೆಸೆದು, ಕಾಲು ಮುಂದೆ ಚಾಚಿ ಕೂರುತ್ತದೆ. ಬಹಳ ಹೊತ್ತು ಕೂರುತ್ತದೆ. ಯಾರನ್ನೋ ಕಾಯುತ್ತಿದೆ ಎಂದು ತಾಯಿಗೆ ಅನಿಸುತ್ತದೆ. ನಿಮ್ಮಲ್ಲಿ ಆ ಹೊತ್ತಿಗೆ ಯಾರು ಬರುತ್ತಿದ್ದರು, ಕಾಲಿಗೆ ಏನು ಮಾಡುತ್ತಿದ್ದರು, ಏನಾದರೂ ಹಾಡುತ್ತಿದ್ದರೇ? ದಯವಿಟ್ಟು ತಿಳಿಸಿ. ಈ ತಾಯಿಯೂ ಹಾಗೆಯೇ ಮಾಡಬೇಕೆಂದಿದ್ದಾಳೆ.

ಮೇಡಂ ಓದಿ, "ಮಾವಶಿಯನ್ನು ಕೇಳಿ ಇವತ್ತೇ ಉತ್ತರ ಬರೆದುಬಿಡು," ಎಂದರು. ಅವರಿಗೆ ನಾಲ್ಕೂವರೆಯ ವಿಷಯ ಗೊತ್ತಿರಲಿಲ್ಲ. ಆ ಹೊತ್ತಿಗೆ ಅವರು ಕೋರ್ಟಿನಲ್ಲೇ ಇರುತ್ತಿದ್ದರು.

ಬರೆಯುವುದು ಎಷ್ಟು? ಐದು ಬೆರಳು, ಏಳು ಸ್ಟೇಶನ್ನು, ಒಂದು ಕಚಗುಳಿ. ಹತ್ತು ಸಾಲಿನ ಕಾಗದ. ಹಾಳೆ ಯಂತ್ರಕ್ಕೆ ಏರಿಸಿ, ತಾರೀಖು ಹೊಡೆದು, ಅಲ್ಲೇ ಕೂತೆ. ನನ್ನ ಲೋಕಲಿನ ಸ್ಟೇಶನ್ನುಗಳು ಅವಳ ಬಾಯಿಗೆ ಯಾಕೆ ಬೇಕು? ಮಗು ಸಿಕ್ಕಿತು, ಬೂಟು ಸರಿಹೋಯಿತು, ಉಡಿ ತುಂಬಿತು, ಈಗ ಇದೂ ಬೇಕಂತೆ! ಇದೊಂದು ನನ್ನದು, ಇದನ್ನು ಕೊಡುವುದಿಲ್ಲ ಎಂದುಕೊಂಡೆ. ಹಾಳೆ ಎಳೆದು ಹರಿದೆ. ವಾರ ಬಿಟ್ಟು ಮಾವಶಿ ಕೇಳಿದಳು, "ಬರದ್ರೇನ್ರೀ ಅಕ್ಕಾರ? ಪಾಪ, ಕೂಸು ಬಾಕಲಾಗ ಕುಂದರ್ತದಂತ." ಬರೀತೀನಿ ಅಂದೆ. ಮೇಡಂ ಕೇಳಿದರು. ಬರೆದೆ ಅಂದೆ.

ಕಾಯುತ್ತಿದ್ದಾಳೆ ಅನ್ನುವುದೇ ನನಗೆ ಸುಖವಾಗಿತ್ತು. ಸಂಜೆ ಬಸ್ಸಿನಲ್ಲಿ ಕೂತು, ಈಗ ಕೂತಿರುತ್ತಾಳೆ, ಈಗ ಬೂಟು ಕಿತ್ತಿರುತ್ತಾಳೆ ಎಂದು ನೆನೆಯುತ್ತಿದ್ದೆ. ಆ ಹೆಂಗಸು ಹಿಂದೆ ನಿಂತು ಏನೂ ತೋಚದೆ ಕೈ ಹಿಸುಕಿಕೊಳ್ಳುತ್ತಿರುತ್ತಾಳೆ ಎಂದು ನೆನೆಯುತ್ತಿದ್ದೆ. ಹೀಗೆ ಮೂರು ತಿಂಗಳು.

ಎರಡನೆಯ ವರದಿ ಆಗಸ್ಟಿನಲ್ಲಿ ಬಂತು. ಪಾದಕ್ಕೆ ಶಸ್ತ್ರಚಿಕಿತ್ಸೆಯಾಗಿದೆ, ಆಸರೆ ಹಿಡಿದು ನಿಲ್ಲುತ್ತಾಳೆ. ಊಟ ಚೆನ್ನಾಗಿ ಮಾಡುತ್ತಾಳೆ. ಕೊನೆಯಲ್ಲಿ ನಾಲ್ಕು ಸಾಲು: ನಮ್ಮ ಪ್ರಶ್ನೆಗೆ ಉತ್ತರ ಬರಲಿಲ್ಲ. ನಿಮಗೆ ಕೆಲಸ ಬಹಳ ಇರುತ್ತದೆ, ಅರ್ಥವಾಗುತ್ತದೆ. ಮಗು ಈಗ ಬಾಗಿಲಿಗೆ ಹೋಗುವುದನ್ನು ಬಿಟ್ಟಿದೆ. ಇನ್ನು ಆ ಉತ್ತರದ ಅಗತ್ಯವಿಲ್ಲ.

ಮೇಡಂ ಓದಿ ನನ್ನ ಕಡೆ ನೋಡಿದರು. "ಫೈಲಿಗೆ ಹಾಕು," ಎಂದಷ್ಟೇ ಹೇಳಿದರು. ಆಮೇಲೆ ಯಾವ ಸಂಸ್ಥೆಗೆ ಕೊಡಬೇಕೆಂದು ನನ್ನನ್ನು ಎಂದೂ ಕೇಳಲಿಲ್ಲ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಉತ್ತರ ಬರೆಯದ ವಿಷಯ ಅವರಿಗೂ ಅದೇ ಮೊದಲು ಗೊತ್ತಾಗಿದ್ದು. ಬೈಯಲಿ, ಕೂಗಲಿ ಎಂದು ಕಾದೆ. ಅವರು ಬೈಯುವ ಜನವಲ್ಲ. ಶರ್ಟಿನ ಗುಂಡಿ ಬಿಚ್ಚುತ್ತಿದ್ದವರು ಹಾಗೇ ನಿಂತರು.

"ಆ ಕೂಸು ಅಷ್ಟ ದಿನ ಯಾರ ಹಾದಿ ಕಾಯ್ತು?"

"ನಂದು," ಅಂದೆ.

"ಆಕಿ ತಾಯಿ ಯಾರ್ನ ಕೇಳಿದ್ಳು?"

"ನನ್ನ."

"ಮತ್ತ ನೀ ಹೊಟ್ಟಿಕಿಚ್ಚ ಪಟ್ಟಿದ್ದು ಯಾರ ಮ್ಯಾಲ?"

ನಾನು ತಟ್ಟೆ ಹಾಕಿ, ಊಟಕ್ಕೆ ಬರ್ರಿ ಎಂದೆ. ಅವರು ಹಸಿವಿಲ್ಲ ಎಂದರು.